ಇಳಿಯುವಾಗಿನ ಗ

ಕೆಂಚಾರ್ಲಹಳ್ಳಿ
೧೪-೬-೨೦೦೪

ಪ್ರೀತಿಯ ತಮ್ಮ ಮುನೇಶನಿಗೆ,

ನಿನ್ನ ಕೆಮ್ಮು ಹೇಗಿದೆ? ಕುಡುಮಲಕುಂಟೆಯ ಫ್ಯಾಕ್ಟರಿ ಧೂಳು ಇನ್ನೂ ಗಂಟಲಿಗೆ ಒಗ್ಗಿಲ್ಲವೇ? ಮುನಿಲಕ್ಷ್ಮಿ ಬಿಸಿನೀರು ಕಾಯಿಸಿ ಕೊಡುತ್ತಾಳೆ ತಾನೆ? ಕೇಳಬೇಕಾದ್ದನ್ನು ಕೇಳಿದೆ. ಇನ್ನು ಬೈಯುತ್ತೇನೆ, ಕೂತು ಓದು.

ಶಾಲೆಗೋಸ್ಕರ ನನ್ನ ಹತ್ತಿರ ಬಿಟ್ಟುಹೋದ ನಿನ್ನ ಮಗಳು ಪವಿತ್ರಳನ್ನು ಶನಿವಾರ ಚಿಕ್ಕಬಳ್ಳಾಪುರದ ಸಂಗೀತದ ಮೇಷ್ಟ್ರ ಹತ್ತಿರ ಸೇರಿಸಲು ಕರೆದುಕೊಂಡು ಹೋಗಿದ್ದೆ. ಅವರು ಹಾರ್ಮೋನಿಯಂನಲ್ಲಿ ಎರಡೆರಡು ಸ್ವರ ನುಡಿಸಿ, ಎಲ್ಲಿಂದ ಎಲ್ಲಿಗೆ ಹೋಯಿತು ಅಂತ ಕೇಳಿದರು. ಹತ್ತುವುದನ್ನೆಲ್ಲ ಪಟಪಟ ಹೇಳಿದಳು. ಅವು ನಾನು ಬಾಯಲ್ಲಿ ಹಾಡಿ ಕಲಿಸಿದವು. ಇಳಿಯುವುದು ನೀನು ಹಾರ್ಮೋನಿಯಂನಲ್ಲಿ ಕಲಿಸಿದ ಪಾಠ ತಾನೆ? ಪ ದಿಂದ ಗ ಗೆ ಇಳಿಸಿದರು. ಇವಳು 'ಮ' ಅಂದಳು. ಮೂರು ಸಲ ನುಡಿಸಿದರು, ಮೂರು ಸಲವೂ 'ಮ'. "ಈ ಮಗೂಗೆ ಕಿವಿ ಇಲ್ಲಮ್ಮ, ಸುಮ್ನೆ ಯಾಕೆ ಓಡಾಡ್ತೀರ" ಅಂದುಬಿಟ್ಟರು, ಅವಳ ಎದುರಿಗೇ.

ಮನೆಗೆ ಬಂದವಳೇ ನಿನ್ನ ಹಾರ್ಮೋನಿಯಂ ತೆಗೆದು ಗ ಒತ್ತಿ ನೋಡಿದೆ. ಹಾಳಾಗಿಹೋಗಿದೆ ಕಣೋ! ಹೋದ ವರ್ಷ ರೇಷ್ಮೆಹುಳದ ಮನೆಗೆ ಬ್ಲೀಚಿಂಗ್ ನೀರು ಹೊಡೆಯುವಾಗ ಅದನ್ನು ಹೊರಗಿಡೋ ಅಂತ ಬಡಕೊಂಡೆ. "ಗೂಡು ಕಟ್ಟಿಸೋ ಚಂದ್ರಿಕೆ ಹಿಂದೆ ಐತೆ, ಏನೂ ಆಗಲ್ಲ ಬಿಡಕ್ಕ" ಅಂದೆ. ಆ ಘಾಟಿಗೆ ಒಳಗಿನ ಹಿತ್ತಾಳೆ ನಾಲಿಗೆ ಕಿಲುಬು ಹಿಡಿದು, ಗ ತನ್ನ ಜಾಗ ಬಿಟ್ಟು ಕೆಳಗಿಳಿದು ಕೂತಿದೆ. ಅದನ್ನೇ ಗ ಅಂತ ಕಲಿತವಳಿಗೆ ಮೇಷ್ಟ್ರ ಸರಿಯಾದ ಗ ಎತ್ತರವಾಗಿ ಕೇಳಿ, ಮ ಅನ್ನಿಸದೆ ಇನ್ನೇನು? ಗೊತ್ತಿರಲಿಲ್ಲ ಅಂತ ಮಾತ್ರ ಹೇಳಬೇಡ. ಭಜನೆಯಲ್ಲಿ ನಿನ್ನ ಬೆರಳು ಅದೊಂದನ್ನು ಹಾರಿಕೊಂಡು ಹೋಗುವುದನ್ನು ಈ ಕಣ್ಣಲ್ಲೇ ನೋಡಿದ್ದೇನೆ. ಊರಿನವರ ಮುಂದೆ ಮುಟ್ಟದ ಸ್ವರವನ್ನು ಮಗಳ ಕಿವಿಗೆ ವರ್ಷವಿಡೀ ತುಂಬಿದೆಯಲ್ಲ, ಥೂ! ಗೋಡೆಗೆ ಮುಖ ಮಾಡಿ ಕೂರಿಸಿ, ತಪ್ಪಿದರೆ ತಲೆಗೆ ಮೊಟಕುತ್ತಿದ್ದೆ ಬೇರೆ. ಅವಳೀಗ ಹಾಡುತ್ತಿಲ್ಲ. ಹುಳಕ್ಕೆ ಸೊಪ್ಪು ಹಾಕುವಾಗಲೂ ಬಾಯಿ ಬಿಡುವುದಿಲ್ಲ.

ಮೇಷ್ಟ್ರ ಕೈಕಾಲು ಹಿಡಿದು, ಬರುವ ಸೋಮವಾರ ಇನ್ನೊಂದು ಸಲ ಕೇಳಲು ಒಪ್ಪಿಸಿದ್ದೇನೆ. ಇವಳು ಬರಲ್ಲ ಅಂತ ಹಟ ಹಿಡಿದಿದ್ದಾಳೆ. ಮುನಿಲಕ್ಷ್ಮಿಗೆ ನನ್ನ ಆಶೀರ್ವಾದ ತಿಳಿಸು. ನಿನಗೂ ಇದೆ, ನನ್ನ ಸಿಟ್ಟು ಇಳಿದ ಮೇಲೆ.

ನಿನ್ನ ಅಕ್ಕ
ಶೈಲಜಾ

ತಾ.ಕ.: ಕಾಗದ ಅಂಟಿಸುವಷ್ಟರಲ್ಲಿ ಪವಿತ್ರ ಪಕ್ಕಕ್ಕೆ ಬಂದು ಕೂತಳು. "ಅತ್ತೆ, ಮೇಷ್ಟ್ರು ನುಡಿಸಿದ್ದು ನೀನು ಹಾಡೋ ಗ ಅಂತ ನಂಗೆ ಗೊತ್ತಾಗಿತ್ತು. ಗ ಅಂದಿದ್ರೆ ಅಪ್ಪ ಹೇಳ್ಕೊಟ್ಟಿದ್ದು ಸುಳ್ಳಾಗ್ತಿತ್ತಲ್ಲ" ಅಂದಳು. ಭಾನುವಾರ ಮೊದಲ ಬಸ್ಸಿಗೆ ಬಾ. ತಪ್ಪು ನಿನ್ನದು ಅಂತ ಅವಳೆದುರು ನಿನ್ನ ಬಾಯಲ್ಲೇ ಹೇಳು.