ಪಟ್ಟಿಯಲ್ಲಿ ಇಲ್ಲದ ಜ್ವರಕ್ಕೆ ರಜೆ ಕೊಡುವ ಬಗ್ಗೆ

ಮಾನ್ಯ ಆರೋಗ್ಯಾಧಿಕಾರಿಗಳೇ,

ಪಾರ್ಕಿನಲ್ಲಿ ಹುಲ್ಲು ಕತ್ತರಿಸುವ ನೌಕರರೊಬ್ಬರು ಹನ್ನೊಂದು ದಿನ ಜ್ವರದಲ್ಲಿ ಮಲಗಿದ್ದರು. ಅವರಿಗೆ ಕಾಯಿಲೆಯೇ ಇರಲಿಲ್ಲ ಎಂದು ತಮ್ಮ ಕಚೇರಿ ಬರೆದುಕೊಟ್ಟಿದೆ. ಅಷ್ಟೂ ದಿನದ ರಜೆ ತಿರಸ್ಕೃತವಾಗಿದೆ. ಕಾರಣ, ಆ ಜ್ವರ ತಮ್ಮ ರೋಗಗಳ ಪಟ್ಟಿಯಲ್ಲಿ ಇಲ್ಲ. ಅದೇ ಜ್ವರ ನನಗೂ ಬಂದಿತ್ತು. ಇಲ್ಲದ ಕಾಯಿಲೆಯಿಂದ ಪೂರ್ತಿ ಗುಣವಾದವಳು ಎಂಬ ಅಧಿಕಾರದಿಂದ ಈ ಪತ್ರ ಬರೆಯುತ್ತಿದ್ದೇನೆ.

ನಾನು ನಾಯಿಗಳ ಕೂದಲು ಕತ್ತರಿಸಿ, ಮೈ ತೊಳೆದು ಕಳಿಸುವವಳು. ಪಾರ್ಕಿನ ಹಿಂದಿನ ಬೀದಿಯಲ್ಲಿ ನನ್ನ ಅಂಗಡಿ. ನಾಯಿಯ ಕಿವಿ ಸಂದಿಯಲ್ಲಿ ಉಣ್ಣಿ ಸಿಕ್ಕರೆ ಚಿಮಟದಿಂದ ಕಿತ್ತು, ಸ್ಪಿರಿಟ್ ತುಂಬಿದ ಪುಟ್ಟ ಸೀಸೆಗೆ ಹಾಕಿ ತಾರೀಖು ಬರೆದಿಡುತ್ತೇನೆ. "ನಮ್ಮ ನಾಯಿ ಮೈಮೇಲೆ ಉಣ್ಣಿನಾ? ಛೇ, ಸಾಧ್ಯವೇ ಇಲ್ಲ!" ಎನ್ನುವ ಯಜಮಾನರ ಬಾಯಿ ಮುಚ್ಚಿಸಲು ಬೇಕಾಗುತ್ತದೆ. ಹೋದ ವರ್ಷ ಒಂದು ಉಣ್ಣಿ ನನ್ನ ಮೊಣಕಾಲ ಹಿಂದೆಯೇ ಬಿಡಾರ ಹೂಡಿತು. ಅದನ್ನೂ ಕಿತ್ತು ಸೀಸೆಗೆ ಹಾಕಿ, ಮೇಲೆ ನನ್ನ ಹೆಸರನ್ನೇ ಬರೆದೆ. ವಾರ ಕಳೆದ ಮೇಲೆ ಜ್ವರ, ಕೀಲುನೋವು, ಕಚ್ಚಿದಲ್ಲಿ ಅಂಗೈಯಗಲದ ಕೆಂಪು ಉಂಗುರ. ಉಣ್ಣಿ ಕಡಿತದಿಂದ ಬರುವ ಲೈಮ್ ರೋಗವಿರಬಹುದೆಂದು ವೈದ್ಯೆ ರಕ್ತ ಪರೀಕ್ಷೆ ಮಾಡಿಸಿದರು. ಅಲ್ಲ ಎಂದು ಬಂತು. ಆದರೂ ಆ ಮಹಾತಾಯಿ ಕಾಗದ ನೋಡುವ ಬದಲು ನನ್ನ ಕಾಲು ನೋಡಿ ಔಷಧಿ ಕೊಟ್ಟರು. ನಾನು ಎದ್ದು ಕೂತೆ.

ನನ್ನ ನಾದಿನಿಗೆ ಅಷ್ಟಕ್ಕೇ ಸಮಾಧಾನವಾಗಲಿಲ್ಲ. ಅವಳು ರೋಗಾಣು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದಾಳೆ.

"ಅತ್ತಿಗೆ, ನಿಮ್ಮನ್ನ ಕಚ್ಚಿದ ಉಣ್ಣಿ ಎಲ್ಲಿ?"

"ಫ್ರಿಜ್ಜಲ್ಲಿದೆ, ಬೆಣ್ಣೆ ಡಬ್ಬಿ ಪಕ್ಕ."

"ಅಣ್ಣನಿಗೆ ಗೊತ್ತಾ?"

"ಬೆಣ್ಣೆ ತಿನ್ನೋದೇ ಬಿಟ್ಟಿದ್ದಾರೆ, ಗೊತ್ತಿರಬೇಕು."

ಉಣ್ಣಿಯನ್ನೂ, ಔಷಧಿಗೆ ಮುಂಚೆ ತೆಗೆದಿದ್ದ ನನ್ನ ರಕ್ತವನ್ನೂ ಅವಳು ಒಯ್ದಳು. ನಾಲ್ಕು ತಿಂಗಳ ಮೇಲೆ ಓಡುತ್ತ ಬಂದು, ಅರ್ಧ ಸೋಪು ಹಚ್ಚಿದ ನಾಯಿಯ ಸಮೇತ ನನ್ನನ್ನು ಅಪ್ಪಿಕೊಂಡಳು. ಎರಡರಲ್ಲೂ ಒಂದೇ ರೋಗಾಣು! ಲೈಮ್ ರೋಗಾಣುವಿನ ದಾಯಾದಿ, ಆದರೆ ಅದುವರೆಗೆ ಯಾರೂ ಕಂಡಿರದ ಹೊಸದು. ನಾವಿಬ್ಬರೂ ಕುಣಿದೆವು. ನಾಯಿ ಮೈ ಕೊಡವಿತು.

ಅದೇ ವಾರ ಜ್ವರ ಹಿಡಿದದ್ದು ಮೊದಲು ಹೇಳಿದ ಆ ಪಾರ್ಕಿನ ನೌಕರರಿಗೆ. ಹುಲ್ಲಿನ ಯಂತ್ರ ಬಿಟ್ಟಿರಲಾರದ ಅವರನ್ನು ಬೀದಿಯವರೆಲ್ಲ ಮೆಷಿನ್ ಮಾವ ಎನ್ನುತ್ತೇವೆ. ಅವರ ಕಾಲಲ್ಲೂ ಅದೇ ಉಂಗುರ, ಅವರ ಪರೀಕ್ಷೆಯಲ್ಲೂ ಅದೇ "ಅಲ್ಲ". ವೈದ್ಯೆ ನನ್ನ ವರದಿ ನೋಡಿದ್ದರಿಂದ ಒಂದು ದಿನವೂ ಕಾಯದೆ ಔಷಧಿ ಶುರು ಮಾಡಿದರು. ಮಾವನ ರಕ್ತದಲ್ಲೂ ನಮ್ಮ ಹೊಸ ರೋಗಾಣುವೇ ಸಿಕ್ಕಿತು. ಅವರು ಚೇತರಿಸಿಕೊಂಡು ರಜೆ ಅರ್ಜಿ ಹಾಕಿದಾಗ ಅದನ್ನು ತಿರಸ್ಕರಿಸಲು ತಾವು ದಯಮಾಡಿಸಿದಿರಿ. ವರದಿ ಹಿಡಿದು ನಾನೇ ತಮ್ಮ ಕಚೇರಿಗೆ ಬಂದೆ.

"ಈ ರೋಗ ಲಿಸ್ಟಲ್ಲಿ ಇಲ್ಲ ಮೇಡಂ," ಎಂದರು ಗುಮಾಸ್ತರು.

"ಹೊಸದು ಸ್ವಾಮಿ, ಈಗಷ್ಟೇ ಸಿಕ್ಕಿದ್ದು."

"ಹಾಗಾದ್ರೆ ಲಿಸ್ಟಿಗೆ ಸೇರಿದ ಮೇಲೆ ಬನ್ನಿ."

"ಸೇರಿಸೋರು ಯಾರು?"

"ನಾವೇ."

ಇಷ್ಟು ಹೇಳಿ ಅವರು ಊಟಕ್ಕೆ ಎದ್ದರು.

ಮಾನ್ಯರೇ, ಉಣ್ಣಿ ಕಚ್ಚುವ ಮುನ್ನ ತಮ್ಮ ಪಟ್ಟಿ ಓದಿಕೊಂಡು ಬರಬೇಕಿತ್ತೇ? ಮಾವ ಅಂಗಡಿಗೆ ಬಂದು ಕೇಳಿದರು: "ಅಲ್ಲಮ್ಮಾ, ಆ ಹುಳಕ್ಕೆ ಹೆಸರಿಟ್ರಾ?" ಇನ್ನೂ ಇಲ್ಲ ಎಂದೆ. "ಹೆಸರಿಲ್ಲದೇನೇ ನನ್ನ ಇಷ್ಟು ಗೋಳು ಹೊಯ್ಕೊಂಡಿತಾ!" ಎಂದು ಹೊಟ್ಟೆ ಹಿಡಿದು ನಕ್ಕರು. ನಗುವಷ್ಟು ಶಕ್ತಿ ಬಂದಿದೆ, ಸಂತೋಷ. ಆದರೆ ಮುಂದಿನವರಿಗೆ "ಅಲ್ಲ" ಎಂಬ ಕಾಗದವನ್ನು ನಂಬುವ ವೈದ್ಯರು ಸಿಕ್ಕರೆ?

ಆದ್ದರಿಂದ ಆ ಹನ್ನೊಂದು ದಿನದ ರಜೆ ಮಂಜೂರಾಗಲಿ, ಊರಿನ ವೈದ್ಯರಿಗೆಲ್ಲ ಈ ರೋಗಾಣುವಿನ ಸುದ್ದಿ ತಲುಪಲಿ, ಪಾರ್ಕಿನ ಬಾಗಿಲಲ್ಲಿ ಒಂದು ಎಚ್ಚರಿಕೆಯ ಫಲಕ ಬರಲಿ. ಫಲಕಕ್ಕೆ ಜಾಗ ತೋರಿಸಲು ಸೋಮವಾರ ಬೆಳಿಗ್ಗೆ ಮಾವ, ನಾದಿನಿ, ನಾನು ಮೂವರೂ ಅಲ್ಲಿರುತ್ತೇವೆ. ತಾವೂ ಬನ್ನಿ. ಪ್ಯಾಂಟಿನ ಅಂಚನ್ನು ಕಾಲುಚೀಲದೊಳಗೆ ತುರುಕಿಕೊಂಡು ಬನ್ನಿ. ತಮ್ಮ ಆರೋಗ್ಯದ ಬಗ್ಗೆ ನಮಗೆ ಕಾಳಜಿಯಿದೆ.

ಇಂತಿ,
ಹೇಳಿದ್ದನ್ನು ನಾಯಿಗಳಾದರೂ ಕೇಳುತ್ತವೆಂಬ ನೆಮ್ಮದಿಯಲ್ಲಿರುವ
ನಾಯಿ ಕ್ಷೌರದವಳು