ಕಹಿ ಇಲ್ಲದ ಮೊಸರು

ಅವ್ವಾ,

ನೀನು ಹೋದಾಗ ಮನೆಯಲ್ಲಿ ಒಲೆ ಹಚ್ಚಬಾರದೆಂದು ಬೀಗರು, ಓಣಿಯವರು ಸರದಿಯಂತೆ ಬುತ್ತಿ ತಂದರು. ಖಟಕ ಚಿಂಚೋಳಿಯ ನಮ್ಮ ಪಡಸಾಲೆಯ ತುಂಬ ರೊಟ್ಟಿ, ಪುಂಡಿಪಲ್ಯ, ಮೊಸರಿನ ಗಡಿಗೆ. ನಿನ್ನ ಮಗ ಸಂಗು ಎಲ್ಲವನ್ನೂ ಉಂಡ, ಮೊಸರಿಗೆ ಮಾತ್ರ ಕೈ ಹಚ್ಚಲಿಲ್ಲ. "ಇದು ಅವ್ವನ ಮೊಸರಲ್ಲ" ಅಂದ. ದುಃಖದ ಮಾತು ಅಂದುಕೊಂಡೆವು. ಕಾಕಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮುಂದಿನ ವಾರಗಳಲ್ಲಿ ತಮ್ಮನ ನಿದ್ದೆ ಹೋಯಿತು. ಗೋಡೆಗೆ ಕಿವಿ ಹಚ್ಚಿ ಕೂರತೊಡಗಿದ. ನೀನು 'ತಲ್ಯಾಗಿನ ಗದ್ದಲ' ಅನ್ನುತ್ತಿದ್ದೆಯಲ್ಲ, ಡಾಕ್ಟರು ಸ್ಕಿಜೋಫ್ರೇನಿಯಾ ಅನ್ನುವುದು, ಅದು ಮರಳಿತ್ತು. ನಮಗೆ ಹೇಗೆ ತಿಳಿಯಬೇಕಿತ್ತು? ಗುಳಿಗೆ ಎಂದೋ ಬಿಟ್ಟಿದ್ದಾನೆ, ಆದರೂ ಆರಾಮಿದ್ದಾನೆ ಎಂದೇ ನೀನು ಹೇಳುತ್ತಿದ್ದೆ. ತಿಂಗಳಿಗೊಮ್ಮೆ ಬೀದರಿಗೆ ಹೋಗುತ್ತಿದ್ದದ್ದು ನಿನ್ನ ಮೊಣಕಾಲಿಗೆ ಔಷಧ ತರಲು ಅಂತ...

ನಿನ್ನ ಅಡುಗೆಮನೆ ತೊಳೆದ ದಿನ ಮರೆಯುವಂಥದ್ದಲ್ಲ. ಯಾಲಕ್ಕಿ ಕುಟ್ಟುವ ಪುಟ್ಟ ಕಲ್ಲಿನ ತಳದಲ್ಲಿ ಬಿಳಿ ಪುಡಿ. ಮೇಲಿನ ಗೂಡಿನಲ್ಲಿ ಅವನ ಗುಳಿಗೆಯ ಪಾಕೀಟುಗಳು. ಕಲ್ಲು ಹಿಡಿದು ನಿಂತೇ ಇದ್ದೆ. ಸಂಗು ಬಾಗಿಲಿಗೆ ಬಂದ. ಅಂದು ಅವನ ಗದ್ದಲ ತುಸು ಅಡಗಿತ್ತು.

"ತೊಳಿಬ್ಯಾಡಕ್ಕ ಅದನ್ನ."

"ಇದರಾಗ ಅವ್ವ ಏನ್ ಕುಟ್ತಿದ್ಲು, ಗೊತ್ತದೇನೊ?"

"ಗೊತ್ತಿಲ್ದೇನು? ಮೊಸರು ಬೇವಿನಂಗ ಕಹಿ. ಮ್ಯಾಲ ಬೆಲ್ಲ ಹಾಕಿ, 'ಎಮ್ಮಿ ಏನ್ ತಿಂದದೋ ಏನೋ' ಅಂತಿದ್ಲು. ಪಾಪ, ಆ ಎಮ್ಮಿ ಮ್ಯಾಲ ಎಷ್ಟ್ ವರ್ಷ ಸುಳ್ಳ ಹೇಳ್ಯಾಳ!"

ನಗು ಬಂತು ಅವ್ವಾ, ಅಂಥ ದಿನದಲ್ಲೂ.

"ಮತ್ತ ಸುಮ್ನ ಯಾಕ ಉಂಡಿ?"

"ನಾ ಉಣ್ಣೋತನಾ ಆಕಿ ತುತ್ತು ಎತ್ತತಿರ್ಲಿಲ್ಲಲ್ಲ." ಕಲ್ಲನ್ನು ನನ್ನ ಕೈಯಿಂದ ತೆಗೆದು ಗೂಡಿನಲ್ಲಿಟ್ಟು ಮತ್ತೆ ಅಂದ, "ಗುಳಿಗಿ ನುಂಗೋದಂದ್ರ ನಾ ಹುಚ್ಚ ಅಂತ ಒಪ್ಕೊಂಡಂಗ. ಮೊಸರು ಉಂಡ್ರ ಹಂಗಲ್ಲ."

ಇಷ್ಟು ವರ್ಷ ಆ ಒಂದು ಬಟ್ಟಲಿನ ಮುಂದೆ ಯಾರು ಯಾರನ್ನು ಕಾಪಾಡುತ್ತಿದ್ದಿರಿ?

ಪಾಕೀಟು ಹಿಡಿದು ಅವನನ್ನು ಬೀದರಿಗೆ ಕರೆದೊಯ್ದೆ. ಅಲ್ಲಿಯ ಡಾಕ್ಟರಮ್ಮ ನಿನ್ನನ್ನು ಮರೆತಿಲ್ಲ. "ಮಗ ಆರಾಮ ಅದಾನ್ರಿ ಅಂತ ಹೇಳಿ ಗುಳಿಗಿ ಒಯ್ತಿದ್ರು" ಎಂದರು. ಮೊಸರಿನ ಕತೆ ಕೇಳಿ ಬೇಸರಿಸಿಕೊಳ್ಳಲಿಲ್ಲ. ನನ್ನನ್ನು ಬಿಟ್ಟು ಅವನನ್ನೇ ಕೇಳಿದರು, "ಗುಳಿಗಿಯಿಂದ ನಿಮಗ ಏನ್ ತ್ರಾಸ ಆಗ್ತಿತ್ರಿ?"

ಸಂಗು ಎರಡೂ ಕೈ ಮುಂದೆ ಚಾಚಿದ. "ನಡುಗ್ತಿದ್ವುರಿ. ಚಾದ ಕಪ್ಪು ಬಶಿ ಮ್ಯಾಲ ಕುಣೀತಿತ್ತು. ಯಾರ ಮುಂದ ಹೇಳ್ಲಿ? ನಾ ಗುಳಿಗಿ ತಗೊಳ್ಳೋದೇ ಇಲ್ಲಲ್ರಿ!"

ಆ ನಡುಕ ನಾವೂ ನೋಡಿದ್ದೆವಲ್ಲ ಅವ್ವಾ. ನರದ ದೌರ್ಬಲ್ಯ ಅಂತ ನೀನು ಹಾಲು, ಖರ್ಜೂರ ತಿನ್ನಿಸುತ್ತಿದ್ದೆ. ಡಾಕ್ಟರಮ್ಮ ಗುಳಿಗೆ ಬದಲಿಸಿದರು. ಕುಟ್ಟಬೇಡಿ, ಬಚ್ಚಿಡಬೇಡಿ, ಆರಾಮಾಯಿತೆಂದು ತಾನಾಗಿ ಬಿಡಬಾರದು, ತ್ರಾಸಾದರೆ ಬಂದು ಹೇಳಿ ಎಂದರು. ಹೇಳುವುದು ಸುಲಭ. ಅವನು ಕೈಯೊಡ್ಡಬೇಕಲ್ಲ?

ಭಾಲ್ಕಿಯ ನನ್ನ ಮನೆಗೆ ಕರೆತಂದ ಮೊದಲ ಸಂಜೆ ಗುಳಿಗೆಯನ್ನು ನೀರಿನ ಲೋಟದ ಪಕ್ಕ ಇಟ್ಟೆ. ಅವನು ನೋಡಲಿಲ್ಲ. ಕವಿತೆಯ ಪುಸ್ತಕ ತೆರೆದು ಕೂತೆ, ಒಂದು ಸಾಲೂ ತಲೆಗೆ ಹೋಗಲಿಲ್ಲ. ನನ್ನ ತಟ್ಟೆಯ ರೊಟ್ಟಿ ಆರಿತು. ತಿನ್ನಬೇಕೆನಿಸಲಿಲ್ಲ, ಅಷ್ಟೇ. ಬೇಕೆಂದು ಕೂತದ್ದಲ್ಲ.

"ಅಕ್ಕ, ಅವ್ವನಂಗ ಕೂಡಬ್ಯಾಡ ನೀ. ಉಣ್ಣು."

"ನೀ?"

"ನನ್ನ ಗುಳಿಗಿ ನಂದು. ನಿನ್ನ ಹೊಟ್ಟಿ ನಿಂದು. ಎರಡೂ ಕೂಡಿಸಬ್ಯಾಡ." ಹಾಗೆಂದು ಗುಳಿಗೆ ಬಾಯಿಗೆ ಹಾಕಿಕೊಂಡು ನೀರು ಕುಡಿದ. ನಾನು ರೊಟ್ಟಿ ಮುರಿದೆ.

ಎಲ್ಲ ದಿನವೂ ಹಾಗಿಲ್ಲ. ಕೆಲವೊಮ್ಮೆ ಮುಖ ತಿರುಗಿಸುತ್ತಾನೆ, ಮಾತಾಡುತ್ತೇವೆ, ಜಗಳಾಡುತ್ತೇವೆ. ಗದ್ದಲ ಪೂರ್ತಿ ಹೋಗಿಲ್ಲ, ದೂರದ ಸಂತೆಯಷ್ಟು ಉಳಿದಿದೆಯಂತೆ. ಆದರೆ ಅವನ ಕಪ್ಪು ಈಗ ಕುಣಿಯುವುದಿಲ್ಲ. ಮೊಸರಿಗೆ ಹೆಪ್ಪು ಹಾಕುವುದೂ ಅವನೇ, ನನ್ನನ್ನು ಗಡಿಗೆ ಮುಟ್ಟಗೊಡುವುದಿಲ್ಲ.

ನಿನ್ನ ವರ್ಷದ ದಿನ ಬಂತು. ಎಡೆಗೆ ಅವನ ಮೊಸರನ್ನೇ ಇಡುತ್ತೇವೆ. ಬೆಲ್ಲ ಹಾಕೋಣವೇ ಎಂದು ಕೇಳಿದೆ. "ಯಾಕ? ಅದರಾಗ ಏನೂ ಇಲ್ಲಲ್ಲ" ಅಂದ.

ನಿನ್ನ ಮಗಳು