ಬೆಕ್ಕೂ ಇದೆ, ನಾನಿಲ್ಲ

ಪ್ರೀತಿಯ ಮೈದುನನಿಗೆ,

ಮನೆಯ ಫೋಟೊಗಳನ್ನೆಲ್ಲ ಜೋಡಿಸಿಡಲು ನೀನು ಆರಿಸಿಕೊಟ್ಟ ಸಾಫ್ಟ್‌ವೇರ್ ಚುರುಕಾಗಿದೆ. ಯಾರ ಮುಖ ಒತ್ತಿದರೂ ಅವರ ಫೋಟೊಗಳೆಲ್ಲ ಸಾಲಾಗಿ ಬರುತ್ತವೆ. ಅತ್ತೆಯವರು ಬಂದರು, ನೀನು ಬಂದೆ, ಕಣ್ಣು ಮುಚ್ಚಿ ಮಲಗಿದ ಬೆಕ್ಕೂ ಬಂತು. ನಾನು ಮಾತ್ರ ಇಲ್ಲ.

ಕೇಳಿದ್ದಕ್ಕೆ ನೀನು, "ಅದಕ್ಕೆ ನಿಮ್ಮ ಗುರುತು ಸಿಕ್ಕಿಲ್ಲ ಅಷ್ಟೇ ಅತ್ತಿಗೆ, ಬೇರೆ ಸಾಫ್ಟ್‌ವೇರ್ ಹಾಕೋಣ ಬಿಡಿ" ಅಂದೆ. ಅಷ್ಟೊಂದು ಅವಸರ ಯಾಕೆ ಎಂದು ಆಗಲೇ ಅನ್ನಿಸಿತು. ಬೆಕ್ಕಿನ ಗುರುತು ಹಿಡಿದ ಸಾಫ್ಟ್‌ವೇರಿಗೆ ನನ್ನ ಗುರುತು ಸಿಗದೇ?

ಕೆದಕಿ ನೋಡಿದೆ. ಸೆಟ್ಟಿಂಗ್ಸ್ ಒಳಗೆ 'ಮರೆಮಾಡಿದ ಮುಖಗಳು' ಎಂದಿತ್ತು. ಒತ್ತಿದರೆ ಅಲ್ಲಿ ನಾನೊಬ್ಬಳೇ, ಮದುವೆಯ ದಿನದ ನಗು ನಗುತ್ತಾ ಕೂತಿದ್ದೇನೆ. ಅದು ತಾನಾಗಿ ಆಗುವಂಥದ್ದಲ್ಲ. 'ಇವರನ್ನು ತೋರಿಸಬೇಡ' ಎಂದು ಯಾರೋ ಒತ್ತಿರಬೇಕು. ಪಾಸ್‌ವರ್ಡ್ ಗೊತ್ತಿರುವುದು ನನಗೆ, ನಿನಗೆ, ನಿಮ್ಮಣ್ಣನಿಗೆ. ಫೋನ್ ಮಾಡಿದರೆ ಅವರು ಪಕ್ಕದಲ್ಲೇ ಇರುತ್ತಾರೆ, ಅದಕ್ಕೇ ಈ ಕಾಗದ.

ಬೇರೆ ಸಾಫ್ಟ್‌ವೇರ್ ಹುಡುಕಬೇಡ. ನಾಲ್ಕು ಸಾಲು ಬರೆದು ಹಾಕು. ತಮಾಷೆಗೆ ನೀನೇ ಒತ್ತಿದ್ದು ಎಂದು ಬರೆ. ಎರಡು ದಿನ ಬೈದು ಸುಮ್ಮನಾಗುತ್ತೇನೆ.

ನೀನಲ್ಲದಿದ್ದರೂ, ನೀನೇ ಎಂದು ಬರೆ.

ನಿನ್ನ ಅತ್ತಿಗೆ